20 ರೂಪಾಯಿ ಕದ್ದ ಹುಡುಗಿಗೆ ಜೀನ್ ಟೆಸ್ಟ್ ಬೇಕೆ?

ಪ್ರಶ್ನೆ: ನಾದಿನಿ ಮೋಸದ ಕೇಸಿನಲ್ಲಿ ಜೈಲಿಗೆ ಹೋದ ಮೇಲೆ ಅವಳ ಮಗಳನ್ನು ದತ್ತು ತೆಗೆದುಕೊಂಡೆವು. ಈಗ ಮಗುವಿಗೆ 9 ವರ್ಷ. ಎರಡು ಸಲ ನನ್ನ ಪರ್ಸಿನಿಂದ 20 ರೂಪಾಯಿ ತೆಗೆದಿದ್ದಾಳೆ. ‘ನೂಲಿನಂತೆ ಸೀರೆ, ತಾಯಿಯಂತೆ ಮಗಳು’ ಅಂತ ನೆಂಟರು ಆಡಿಕೊಳ್ಳುತ್ತಾರೆ. ಜೀನ್ ಟೆಸ್ಟ್ ಮಾಡಿಸಲೇ ಡಾಕ್ಟರೇ?

ಉತ್ತರ: ಈ ಗಾದೆ ಹೊತ್ತು ಬರುವ ಪತ್ರಗಳಿಗೆ ಲೆಕ್ಕವಿಲ್ಲ. ಈ ಸಲ ಲೆಕ್ಕವನ್ನೇ ಮುಂದಿಡುತ್ತೇನೆ.

ಡೆನ್ಮಾರ್ಕ್‌ನಲ್ಲಿ 1881ರಿಂದ 1910ರ ನಡುವೆ ಹುಟ್ಟಿದ 3,586 ಅವಳಿ ಜೋಡಿಗಳ ಅಪರಾಧ ದಾಖಲೆಗಳನ್ನು ಅಪರಾಧಶಾಸ್ತ್ರಜ್ಞ ಕ್ರಿಶ್ಚಿಯನ್‌ಸನ್ ತಾಳೆ ನೋಡಿದರು. ಅವಳಿ ಹೆಣ್ಣುಮಕ್ಕಳಲ್ಲಿ ಒಬ್ಬಳಿಗೆ ಶಿಕ್ಷೆಯಾಗಿದ್ದರೆ ಇನ್ನೊಬ್ಬಳಿಗೂ ಆಗಿದ್ದು ತದ್ರೂಪಿಗಳಲ್ಲಿ ಶೇ 21, ಉಳಿದವರಲ್ಲಿ ಶೇ 8. ಅಂದರೆ ಹುಟ್ಟಿನ ಪಾಲು ಇದೆ. ಇಲ್ಲವೇ ಇಲ್ಲ ಎಂದು ವಾದಿಸುವವರದ್ದೂ ತಪ್ಪು. ಆದರೆ ಜೀನುಗಳೆಲ್ಲ ಒಂದೇ ಆಗಿದ್ದೂ 100ರಲ್ಲಿ 79 ಮಂದಿ ಒಡಹುಟ್ಟಿದವಳ ದಾರಿ ಹಿಡಿಯಲಿಲ್ಲ. ನಿಮ್ಮ ನಾದಿನಿಯಿಂದ ಮಗುವಿಗೆ ಬಂದಿರುವುದು ಅರ್ಧ ಜೀನು ಮಾತ್ರ.

ಸ್ವೀಡನ್ನಿನ ದತ್ತು ಮಕ್ಕಳ ಅಧ್ಯಯನದಲ್ಲಿ (1982) ಇನ್ನೊಂದು ಸಂಗತಿ ಹೊರಬಿತ್ತು. ಸಣ್ಣಪುಟ್ಟ ಅಪರಾಧಕ್ಕಿಳಿದ ಹೆಂಗಸರು ಗಂಡಸರಿಗಿಂತ ಬಹಳ ಕಡಿಮೆ. ಆದರೆ ಇಳಿದವರ ಹೆತ್ತವರಲ್ಲಿ ಅಪರಾಧದ ಹಿನ್ನೆಲೆ ಗಂಡಸರ ಹೆತ್ತವರಿಗಿಂತ ಹೆಚ್ಚು. ಕೆರೆಯ ಕೋಡಿ ಇದ್ದಂತೆ ಎಂದುಕೊಳ್ಳಿ: ಹೆಂಗಸರ ಕೆರೆಗೆ ಕೋಡಿ ಎತ್ತರದಲ್ಲಿದೆ, ತುಂಬಿ ಹರಿಯಬೇಕಾದರೆ ಹೆಚ್ಚು ನೀರು ಬೇಕು.

ಆ ನೀರನ್ನು, ಅಂದರೆ ದಾರಿ ತಪ್ಪುವ ಅಪಾಯವನ್ನು, ತಗ್ಗಿಸಬಹುದು. ನ್ಯೂಯಾರ್ಕ್ ರಾಜ್ಯದ ಎಲ್ಮೈರಾದಲ್ಲಿ ಚೊಚ್ಚಲ ಗರ್ಭಿಣಿಯರ ಮನೆಗೆ ನರ್ಸುಗಳು ಮಗುವಿಗೆ 2 ವರ್ಷ ತುಂಬುವವರೆಗೆ ಹೋಗಿಬಂದರು. ಆ ಮನೆಗಳಲ್ಲಿ ಹುಟ್ಟಿದ ಹೆಣ್ಣುಮಕ್ಕಳಲ್ಲಿ 19 ವರ್ಷದೊಳಗೆ ಬಂಧನಕ್ಕೊಳಗಾದವರು ಶೇ 10, ನರ್ಸ್ ಬಾರದ ಮನೆಗಳವರಲ್ಲಿ ಶೇ 30. ಗಂಡುಮಕ್ಕಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ.

ಈಗ 20 ರೂಪಾಯಿಯ ವಿಷಯ. ತೆಗೆದದ್ದು ಗೊತ್ತಿದ್ದೂ ‘ತಗೊಂಡ್ಯಾ?’ ಅಂತ ಕೇಳಬೇಡಿ. ಹಾಗೆ ಕೇಳಿದರೆ ಮಗುವಿನ ಬಾಯಿಗೆ ನೀವೇ ಸುಳ್ಳು ತುರುಕಿದಂತೆ. ‘ಪರ್ಸಿನಿಂದ ದುಡ್ಡು ತೆಗೆದಿದ್ದೀ, ವಾಪಸ್ ಕೊಡಬೇಕು’ ಎಂದು ಅದೇ ದಿನ, ಯಾರೂ ಇಲ್ಲದಾಗ ಹೇಳಿ. ಖರ್ಚಾಗಿದ್ದರೆ ವಾರಕ್ಕೆ 5 ರೂಪಾಯಿಯಂತೆ ಅವಳ ಕೈಖರ್ಚಿನಲ್ಲಿ ಮುರಿದುಕೊಳ್ಳಿ, ತೀರಿದ ದಿನ ಮಾತು ಮುಗಿಯಿತು. ದುಡ್ಡು ಯಾರಿಗೆ ಹೋಯಿತು ಎಂದೂ ವಿಚಾರಿಸಿ. ದೊಡ್ಡ ಮಕ್ಕಳು ಹೆದರಿಸಿ ಕೀಳುತ್ತಿರಬಹುದು. ಹೆತ್ತವಳ ಹೆಸರು ಮಾತ್ರ ಎತ್ತಬೇಡಿ. ‘ನೀನೂ ಅವಳ ಹಾಗೇ’ ಎಂದು ದಿನಾ ಕೇಳಿಸಿಕೊಂಡ ಮಗುವಿಗೆ ಸರಿಯಾಗಿ ನಡೆದುಕೊಳ್ಳಲು ಕಾರಣವೇ ಉಳಿಯುವುದಿಲ್ಲ. ಆಡಿಕೊಳ್ಳುವ ನೆಂಟರನ್ನು ಹೊಸಿಲಾಚೆಯೇ ನಿಲ್ಲಿಸಿ.

ಕಳ್ಳತನ, ಚಿಕ್ಕವರನ್ನೋ ಪ್ರಾಣಿಗಳನ್ನೋ ಹಿಂಸಿಸುವುದು, ಮನೆ ಬಿಟ್ಟು ಓಡುವುದು, ಮೋಸದ ಸುಳ್ಳು – ಇಂಥವು ಮೂರಾದರೂ ವರ್ಷದೊಳಗೆ ಕಂಡು, ಒಂದಾದರೂ ಕಳೆದ ಆರು ತಿಂಗಳಲ್ಲಿ ನಡೆದಿದ್ದರೆ ಮಕ್ಕಳ ಮನೋವೈದ್ಯರಲ್ಲಿಗೆ ಬನ್ನಿ. ಚೆನ್ನಾಗಿದ್ದ ಹುಡುಗಿ ಏಕಾಏಕಿ ಹೀಗಾದರೆ ಅಷ್ಟು ದಿನ ಕಾಯಬೇಡಿ. ಯಾರಾದರೂ ಅವಳ ಮೈಮೇಲೆ ಕೈ ಹಾಕಿದ್ದಾರೆಯೇ ಎಂಬುದು ಮೊದಲು ಗೊತ್ತಾಗಬೇಕು. ದಾರಿ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ.

ಜೀನ್ ಟೆಸ್ಟ್ ಬೇಡ. ‘ವಾರಿಯರ್ ಜೀನ್’ ಎಂದು ಮಾರುವ, ಆಕ್ರಮಣಶೀಲತೆಗೆ ನಂಟು ಹಾಕುವ ಎಂಎಒಎ ಎಂಬ ಜೀನು ಎಕ್ಸ್ ಕ್ರೋಮೋಸೋಮಿನ ಮೇಲಿದೆ. ಹುಡುಗಿಯರಲ್ಲಿ ಅದಕ್ಕೆ ಎರಡು ಪ್ರತಿ. ಯಾವುದು ಎಷ್ಟು ಕೆಲಸ ಮಾಡುತ್ತಿದೆ ಎಂಬುದು ಎಂಜಲಿನ ಕಿಟ್‌ನಿಂದ ತಿಳಿಯದು.

ಪ್ರಶ್ನೆ: ಕೆಲವು ಜಾತಿಯ ಹೆಂಗಸರು ಹುಟ್ಟಾ ಕಳ್ಳಿಯರಂತೆ, ನಿಜವೇ?

ಉತ್ತರ: ಅದು ಕೆಲವು ಸಮುದಾಯಗಳನ್ನೇ ಅಪರಾಧಿಗಳೆಂದು ಹೆಸರಿಸಲು 1871ರಲ್ಲಿ ಬ್ರಿಟಿಷರು ಬರೆದ ಕಾಯ್ದೆ, ಜೀವಶಾಸ್ತ್ರವಲ್ಲ. 1952ರಲ್ಲೇ ರದ್ದಾಯಿತು, ನೀವೂ ಬಿಡಿ.

ಪ್ರಶ್ನೆ: ಬೆರಳಚ್ಚು ನೋಡಿ ಮಗಳ ಸ್ವಭಾವ ಹೇಳುತ್ತಾರೆ, ಸಾವಿರಾರು ರೂಪಾಯಿ ಕೇಳುತ್ತಿದ್ದಾರೆ. ಮಾಡಿಸಲೇ?

ಉತ್ತರ: ಆ ದುಡ್ಡಿಗೆ ಮಗಳಿಗೊಂದು ಸೈಕಲ್ ಕೊಡಿಸಿ.