ತೋಡಿ ಹಾಡಿದರೆ ಜಿಂಕೆ ಬರುತ್ತದೆಯೇ?

"ಕಳೆದ ಸಂಚಿಕೆಯಲ್ಲಿ ತೋಡಿ ರಾಗಿಣಿಯ ಹಳೆಯ ಚಿತ್ರ ಹಾಕಿದ್ದಿರಿ. ವೀಣೆ ಹಿಡಿದ ಹೆಣ್ಣು, ಸುತ್ತ ಜಿಂಕೆಗಳು. ಇಪ್ಪತ್ತು ವರ್ಷದಿಂದ ತೋಡಿ ಪಾಠ ಹೇಳುತ್ತಿದ್ದೇನೆ. ಆ ಚಿತ್ರದಲ್ಲಿ ನನಗೆ ತೋಡಿ ಕಾಣಲೇ ಇಲ್ಲ. ಸುಮ್ನೆ ಹೆಸರು ಅಂಟಿಸಿದ್ದಾರಾ?"
– ಒಬ್ಬ ಸಂಗೀತ ಶಿಕ್ಷಕಿ, ಮೈಸೂರು

ನಮಸ್ಕಾರ ಮೇಡಂ. ನಿಮ್ಮ ಅನುಮಾನ ನ್ಯಾಯವಾದದ್ದೇ. ಮೊದಲಿಗೆ, ಅದು ಉತ್ತರದ, ಅಂದರೆ ಹಿಂದೂಸ್ತಾನಿ ಸಂಗೀತದ ತೋಡಿ ರಾಗ. ಈಗಿನ ಲೆಕ್ಕದಲ್ಲಿ ಅದು ನಮ್ಮ ಕರ್ನಾಟಕ ಸಂಗೀತದ ಶುಭಪಂತುವರಾಳಿ ರಾಗಕ್ಕೆ ಹತ್ತಿರ. ನೀವು ಕಲಿಸುವ ತೋಡಿಯ ಸ್ವರಗಳು ಅಲ್ಲಿ ಭೈರವಿಯಲ್ಲಿ ಸಿಗುತ್ತವೆ. ಆದರೆ ಅಸಲು ವಿಷಯ ಬೇರೆ. ಚಿತ್ರಕಾರ ಬರೆದದ್ದು ಸ್ವರವನ್ನಲ್ಲ, ಧ್ಯಾನಶ್ಲೋಕವನ್ನು. ರಾಗಕ್ಕೊಂದು ರೂಪ, ಒಂದು ಭಾವ ಕೊಟ್ಟು ಕಟ್ಟಿದ ಪದ್ಯ ಅದು. ಹೀಗೆ ರಾಗಗಳಿಗೆ ರೂಪ ಕೊಟ್ಟು ಸಾಲಾಗಿ ಬರೆದವೇ ರಾಗಮಾಲಾ ಚಿತ್ರಗಳು. ರಾಜಸ್ಥಾನದ ಇಂಥ ಎಷ್ಟೋ ಚಿತ್ರಗಳಲ್ಲಿ ನೆತ್ತಿಯ ಹಳದಿ ಪಟ್ಟಿಯ ಮೇಲೆ ಪದ್ಯವನ್ನೂ ಬರೆದಿರುತ್ತಾರೆ. ಈ ಚಿತ್ರಗಳಲ್ಲಿ ಭೈರವಿ ಅಂದರೆ ಶಿವಲಿಂಗವನ್ನು ಪೂಜಿಸುವ ಹೆಣ್ಣು. ಲಲಿತ ಅಂದರೆ ನಸುಕಿನ ಹೊತ್ತು: ಅವಳಿನ್ನೂ ಮಲಗಿದ್ದಾಳೆ, ಅವನು ಹೊರಟು ನಿಂತಿದ್ದಾನೆ.

ರಾಗಗಳಿಗೆ ಹೀಗೆ ಸಂಸಾರ ಕಟ್ಟಿದವರಲ್ಲಿ ನಮ್ಮವನೂ ಒಬ್ಬನಿದ್ದಾನೆ. ಶಿವಗಂಗೆಯ ಆಸುಪಾಸಿನ ಪುಂಡರೀಕ ವಿಠ್ಠಲ. ಬುರ್ಹಾನ್‌ಪುರಕ್ಕೆ ಹೋಗಿ, ಅಲ್ಲಿಂದ ಇನ್ನೂ ಉತ್ತರಕ್ಕೆ ನಡೆದವನು. 1576ರಲ್ಲಿ 'ರಾಗಮಾಲಾ' ಎಂಬ ಗ್ರಂಥವನ್ನೇ ಬರೆದ. ಆರು ಪುರುಷ ರಾಗಗಳು, ಒಬ್ಬೊಬ್ಬರಿಗೆ ಐವರು ಹೆಂಡತಿಯರು (ಇವರೇ ರಾಗಿಣಿಯರು), ಐವರು ಗಂಡುಮಕ್ಕಳು. ಕನ್ನಡದ ನೆಲದವನೊಬ್ಬ ಅಷ್ಟು ದೂರ ಹೋಗಿ ಇಂಥ ಕೆಲಸ ಮಾಡಿದ ಅಂತ ನಮ್ಮ ಸಂಗೀತ ಪಾಠಗಳಲ್ಲಿ ಯಾಕೆ ಹೇಳಿಕೊಡುವುದಿಲ್ಲವೋ, ನನಗದು ಬೇಸರದ ವಿಷಯ. ಚಿತ್ರಗಳಲ್ಲಿ ಜಾಸ್ತಿ ಕಾಣುವುದು ಮಕ್ಕಳಿಲ್ಲದ ಮೂವತ್ತಾರರ ಗುಂಪು. ಪಹಾಡಿ, ಅಂದರೆ ಹಿಮಾಲಯದ ತಪ್ಪಲಿನ ಕಡೆಯ ಚಿತ್ರಕಾರರು ಮಾತ್ರ ಒಂದೊಂದು ರಾಗಕ್ಕೆ ಎಂಟೆಂಟು ಮಕ್ಕಳನ್ನು ಸೇರಿಸಿ ಎಂಬತ್ತನಾಲ್ಕಕ್ಕೆ ಒಯ್ದರು.

ಇನ್ನು ಜಿಂಕೆಗಳು. ಹೊಲ ಕಾಯುವ ಹುಡುಗಿಯರ ಹಾಡಿನಿಂದ ತೋಡಿ ಹುಟ್ಟಿತು ಅಂತ ಹೇಳುವವರಿದ್ದಾರೆ. ಪೈರು ಮೇಯಲು ಬಂದ ಜಿಂಕೆ ಹಾಡು ಕೇಳುತ್ತಾ ಮೇಯುವುದನ್ನೇ ಮರೆಯಿತಂತೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಇನ್ನೊಮ್ಮೆ ಆ ಚಿತ್ರ ನೋಡಿ. ಎರಡು ಸೋರೆಬುರುಡೆಯ ವೀಣೆ ಅವಳ ಹೆಗಲ ಮೇಲಿದೆ. ಜಿಂಕೆಗಳು ಕತ್ತೆತ್ತಿ ಅವಳನ್ನೇ ನೋಡುತ್ತಿವೆ. ಒಂದರ ಬಾಯಿಯೂ ಹುಲ್ಲಿನ ಕಡೆಗಿಲ್ಲ. ಚಿತ್ರಕಾರ ಬರೆದಿರುವುದು ಹಾಡುವುದನ್ನಲ್ಲ, ಕೇಳುವುದನ್ನು ಅಂತ ನನಗನ್ನಿಸುತ್ತದೆ. ಪಾಠ ಹೇಳುವವರು ನೀವು. ಮಕ್ಕಳು ಹಾಗೆ ಕೇಳುತ್ತಾ ಕೂತ ದಿನ ನಿಮಗೂ ಒಂದೆರಡು ನೆನಪಿರಬೇಕು, ಅಲ್ವಾ?