ಮೊದಲ ಸೆಮಿಸ್ಟರಲ್ಲೇ ಮೂರು ಸೈನ್ಸ್ ಬೇಡ

ನ್ಯೂಜೆರ್ಸಿಯಿಂದ ಬರೆದಿರೋ ತಾಯಿಗೆ ನಮಸ್ಕಾರ. ಮಗಳು ಈ ಆಗಸ್ಟಲ್ಲಿ ಕಾಲೇಜ್ ಸೇರ್ತಿದಾಳೆ, ಮುಂದೆ ಡಾಕ್ಟರ್ ಆಗ್ಬೇಕು ಅಂತಾಳೆ, ನಿಮ್ಮ ಯಜಮಾನ್ರು ಬಯಾಲಜಿ ಕೆಮಿಸ್ಟ್ರಿ ಫಿಸಿಕ್ಸ್ ಮೂರೂ ಮೊದಲ ಸೆಮಿಸ್ಟರಲ್ಲೇ ಶುರು ಮಾಡು ಅಂತಿದಾರೆ, ಅವಳಿಗೆ ನೋಡಿದ್ರೆ ಹಿಸ್ಟರಿ ಮೇಜರ್ (ಡಿಗ್ರಿಯ ಮುಖ್ಯ ವಿಷಯ) ಮಾಡೋ ಆಸೆ, ಏನ್ ಹೇಳ್ಲಿ ಅಂತ ಕೇಳಿದೀರ.

ಮೂರೂ ಒಟ್ಟಿಗೆ ಬೇಡ. ಹಿಸ್ಟರಿ ಧಾರಾಳವಾಗಿ ಮಾಡ್ಲಿ.

ಯಜಮಾನ್ರ ಯೋಚನೆ ಎಲ್ಲಿಂದ ಬಂತು ಅಂತ ಗೊತ್ತಾಗತ್ತೆ. ನಮ್ಮಲ್ಲಿ ಪಿಯುಸಿಲಿ ಪಿಸಿಎಂಬಿ ಎಲ್ಲಾ ಒಟ್ಟಿಗೇ ಓದಿ, ನೀಟ್ ಬರೆದು, ಸೀದಾ ಎಂಬಿಬಿಎಸ್. ಅಮೆರಿಕಾದಲ್ಲಿ ಮೊದಲು ನಾಲ್ಕು ವರ್ಷ ಡಿಗ್ರಿ, ಆಮೇಲೆ ನಾಲ್ಕು ವರ್ಷ ಮೆಡಿಕಲ್ ಸ್ಕೂಲ್, ಡಿಗ್ರಿಯ ಒಂದೊಂದು ಗ್ರೇಡೂ ಅರ್ಜಿ ಜೊತೆ ಹೋಗತ್ತೆ. ಒಂದು ಕೋರ್ಸ್ ಕೆಟ್ಟು ಮತ್ತೆ ತಗೊಂಡ್ರೆ ಕಾಲೇಜು ಹಳೇ ಗ್ರೇಡ್ ಬಿಡಬಹುದು, ಆದ್ರೆ ಎಂಡಿ, ಅಂದ್ರೆ ಅಲ್ಲಿನ ಡಾಕ್ಟರ್ ಡಿಗ್ರಿಗೆ ಅರ್ಜಿ ಹೋಗೋ ಆಮ್‌ಕಾಸ್ ಅನ್ನೋ ಕೇಂದ್ರ ವ್ಯವಸ್ಥೆ ಎರಡನ್ನೂ ಲೆಕ್ಕಕ್ಕೆ ಹಿಡಿಯತ್ತೆ, ಸಾಲದು ಅಂತ ಬಯಾಲಜಿ ಕೆಮಿಸ್ಟ್ರಿ ಫಿಸಿಕ್ಸ್ ಗಣಿತದ ಜಿಪಿಎ (4ಕ್ಕೆ ಲೆಕ್ಕ ಹಾಕೋ ಗ್ರೇಡ್ ಸರಾಸರಿ) ಬೇರೆಯಾಗಿ ತೆಗೆಯತ್ತೆ. ಸೆಮಿಸ್ಟರಿಗೆ 15 ಕ್ರೆಡಿಟ್ ಅಂತ ಇಟ್ಕೊಳ್ಳಿ, ಮೊದಲನೇದ್ರಲ್ಲಿ 2.8 ಬಂದು ಮುಂದಿನ ಐದರಲ್ಲೂ ಕಷ್ಟಪಟ್ಟು 3.8 ತೆಗೆದ್ರೂ ಅರ್ಜಿ ಹಾಕೋ ಹೊತ್ತಿಗೆ 3.63ಕ್ಕೇ ನಿಲ್ಲತ್ತೆ.

ಲ್ಯಾಬ್ ವಿಷ್ಯ ಮನೇಲಿ ಯಾರೂ ಲೆಕ್ಕ ಹಾಕಲ್ಲ. ಕ್ರೆಡಿಟ್ ಒಂದೋ ಏನೋ ಇರತ್ತೆ ಅಷ್ಟೆ, ಆದ್ರೆ ಹಿಂದಿನ ರಾತ್ರಿ ಪ್ರೀ-ಲ್ಯಾಬ್ ಬರೀಬೇಕು, ಮಧ್ಯಾಹ್ನ ಮೂರು ಗಂಟೆ ನಿಂತ್ಕೊಂಡು ಟೈಟ್ರೇಷನ್ ಮಾಡ್ಬೇಕು, ತಿಳಿ ಗುಲಾಬಿ ಬರೋವಾಗ ಒಂದು ಹನಿ ಜಾಸ್ತಿ ಬಿದ್ರೆ ಪೂರ್ತಿ ಕಡುಗುಲಾಬಿ, ಮತ್ತೆ ಬ್ಯುರೆಟ್ ತುಂಬಿ ಮೊದಲಿಂದ ಶುರು, ಆಮೇಲೆ ರಿಪೋರ್ಟ್. ಮೂರು ಸೈನ್ಸ್ ಅಂದ್ರೆ ವಾರಕ್ಕೆ ಇಂಥ ಮಧ್ಯಾಹ್ನ ಮೂರು, ಅದೂ ಮೊದಲ ಸಲ ಮನೆ ಬಿಟ್ಟಿರೋ ಹುಡುಗಿಗೆ.

ನಿಜವಾಗ್ಲೂ ತಡ ಮಾಡಬಾರದ್ದು ಕೆಮಿಸ್ಟ್ರಿ ಒಂದೇ. ಜನರಲ್ ಕೆಮಿಸ್ಟ್ರಿ ಎರಡು ಸೆಮಿಸ್ಟರ್, ಅದಾದ್ಮೇಲೆ ಆರ್ಗ್ಯಾನಿಕ್ ಎರಡು, ಅದಾದ್ಮೇಲೆ ಬಯೋಕೆಮಿಸ್ಟ್ರಿ, ಸಾಮಾನ್ಯವಾಗಿ ಇದೇ ಸಾಲಲ್ಲಿ ಹೋಗ್ಬೇಕು. ಈ ಆಗಸ್ಟಲ್ಲಿ ಶುರು ಮಾಡಿದ್ರೆ ಮೂರನೇ ವರ್ಷದ ಫಾಲ್‌ಗೆ (ಆಗಸ್ಟ್ ಸೆಮಿಸ್ಟರ್) ಬಯೋಕೆಮಿಸ್ಟ್ರಿ, ಸ್ಪ್ರಿಂಗಲ್ಲಿ (ಜನವರಿ ಸೆಮಿಸ್ಟರ್) ಎಂಕ್ಯಾಟ್ ಅನ್ನೋ ಮೆಡಿಕಲ್ ಪ್ರವೇಶ ಪರೀಕ್ಷೆ, ಜೂನಲ್ಲಿ ಅರ್ಜಿ, ಡಿಗ್ರಿ ಮುಗಿದ ವರ್ಷವೇ ಮೆಡಿಕಲ್ ಸ್ಕೂಲ್. ಒಂದೊಂದು ವರ್ಷದ ಬಯಾಲಜಿ, ಫಿಸಿಕ್ಸನ್ನ ಈ ಸಾಲಿನ ಪಕ್ಕದಲ್ಲಿ ಜಾಗ ಇದ್ದಲ್ಲಿ ಇಡಬಹುದು, ಫಿಸಿಕ್ಸ್ ಮೂರನೇ ವರ್ಷಕ್ಕೆ ಹೋದ್ರೂ ನಡೆಯತ್ತೆ. ಹಾಗಾಗಿ ಮೊದಲ ಸೆಮಿಸ್ಟರಿಗೆ ಲ್ಯಾಬ್ ಸಮೇತ ಕೆಮಿಸ್ಟ್ರಿ, ಕ್ಯಾಲ್ಕುಲಸ್ ಅಥವಾ ಸ್ಟ್ಯಾಟಿಸ್ಟಿಕ್ಸ್, ಒಂದು ರೈಟಿಂಗ್ ಕೋರ್ಸ್, ಒಂದು ಹಿಸ್ಟರಿ, ಇಷ್ಟು ಸಾಕು.

ಎಪಿ (ಹೈಸ್ಕೂಲಲ್ಲೇ ಬರೆಯೋ ಕಾಲೇಜ್ ಮಟ್ಟದ ಪರೀಕ್ಷೆ) ಕೆಮಿಸ್ಟ್ರಿಲಿ 5ಕ್ಕೆ 5 ಬಂದಿದೆ, ಕಾಲೇಜಲ್ಲಿ ಜನರಲ್ ಕೆಮಿಸ್ಟ್ರಿ ಬಿಟ್ಬಿಡ್ಲಾ ಅಂತಾನೂ ಕೇಳಿದೀರ. ಕೆಲವು ಮೆಡಿಕಲ್ ಸ್ಕೂಲು ಎಪಿ ಒಪ್ಪಲ್ಲ, ಇನ್ ಕೆಲವು ಅದರ ಬದಲು ಮೇಲಿನ ಕೋರ್ಸ್ ಕೇಳ್ತವೆ. ಯಾವುದು ಏನ್ ಕೇಳತ್ತೆ ಅಂತ ಎಎಎಂಸಿ, ಅಂದ್ರೆ ಅಮೆರಿಕಾದ ಮೆಡಿಕಲ್ ಕಾಲೇಜುಗಳ ಸಂಘದವರ ಎಂಎಸ್‌ಎಆರ್ ಅನ್ನೋ ಆನ್‌ಲೈನ್ ಪಟ್ಟಿಲಿ ನೋಡ್ಬಹುದು. ನನ್ನ ಕೇಳಿದ್ರೆ ಕಾಲೇಜಲ್ಲೇ ಮಾಡ್ಲಿ, ಆರ್ಗ್ಯಾನಿಕ್‌ಗೆ ಬುನಾದಿ ಗಟ್ಟಿ ಆಗತ್ತೆ.

ಹಿಸ್ಟರಿ ಓದಿದ್ರೆ ಸೀಟ್ ಸಿಗಲ್ಲ ಅನ್ನೋ ಭಯ ಬಿಡಿ. ಇಂಥದ್ದೇ ಮೇಜರ್ ಇರ್ಬೇಕು ಅಂತ ಕೇಳಲ್ಲ, ಬೇಕಾದ ಕೋರ್ಸುಗಳು ಇರ್ಬೇಕು ಅಷ್ಟೆ. ಎಂಕ್ಯಾಟ್‌ನ ನಾಲ್ಕು ಭಾಗದಲ್ಲಿ ಒಂದು ಪೂರ್ತಿ ಓದಿ ಅರ್ಥ ಮಾಡ್ಕೊಳ್ಳೋದೇ, 53 ಪ್ರಶ್ನೆ, ಅದ್ರಲ್ಲಿ ಸೈನ್ಸ್ ಇರಲ್ಲ. ಎಷ್ಟೋ ಸೈನ್ಸ್ ಮಕ್ಕಳು ಒದ್ದಾಡೋದು ಅಲ್ಲೇ. 2015ರಿಂದ ಎಂಕ್ಯಾಟ್‌ಗೆ ಸೈಕಾಲಜಿ, ಸೋಶಿಯಾಲಜಿನೂ ಸೇರಿದೆ, ಒಂದೊಂದು ಕೋರ್ಸ್ ತಗೊಳ್ಲಿ.

ನಿಮ್ಮ ಮಗಳು ಅಲ್ಲೇ ಹುಟ್ಟಿದವಳು, ವೀಸಾ ಚಿಂತೆ ಇಲ್ಲ. ಬೇರೆ ಓದುಗರಿಗೆ ಹೇಳ್ಬೇಕು, ಎಚ್-4ನಲ್ಲಿರೋ (ಅಪ್ಪ ಅಮ್ಮನ ಎಚ್-1ಬಿ ಥರದ ಕೆಲಸದ ವೀಸಾ ಮೇಲೆ ಬಂದಿರೋ) ಮಕ್ಕಳಿಗೆ 21 ತುಂಬಿದ್ರೆ ಆ ವೀಸಾ ಇರಲ್ಲ, ಬಹಳ ಮೆಡಿಕಲ್ ಸ್ಕೂಲುಗಳು ಸಿಟಿಜನ್ ಅಥವಾ ಗ್ರೀನ್ ಕಾರ್ಡ್ ಇದ್ದೋರನ್ನ ಮಾತ್ರ ತಗೊಳ್ತವೆ. ಅಂಥವ್ರು ಕೋರ್ಸ್ ಆರಿಸೋ ಮೊದಲೇ ಇದನ್ನ ಲಾಯರ್ ಹತ್ರ ಮಾತಾಡಿ.

ರಿಜಿಸ್ಟ್ರೇಷನ್ ಮೊದಲು ಮಗಳು ಕಾಲೇಜಿನ ಪ್ರೀ-ಹೆಲ್ತ್ ಅಡ್ವೈಸರ್ (ಮೆಡಿಕಲ್‌ಗೆ ಹೋಗೋರಿಗೆ ಸಲಹೆ ಕೊಡೋರು) ಹತ್ರ ಹೋಗಿ, ಆರ್ಗ್ಯಾನಿಕ್ ಮೊದಲ ಭಾಗ ಫಾಲಲ್ಲಿ ಮಾತ್ರ ಇರತ್ತಾ ಸ್ಪ್ರಿಂಗಲ್ಲೂ ಇರತ್ತಾ ಅಂತ ಕೇಳ್ಕೊಂಡ್ ಬರ್ಲಿ. ಫಾಲಲ್ಲಿ ಮಾತ್ರ ಅಂದ್ರೆ ಒಂದು ಸೆಮಿಸ್ಟರ್ ತಪ್ಪಿದ್ರೆ ಇಡೀ ವರ್ಷ ಮುಂದೆ ಹೋಗತ್ತೆ. ಯಜಮಾನ್ರಿಗೂ ಈ ಪುಟ ತೋರಿಸಿ.