ಉಡುಪಿಯಲ್ಲಿ ಮನೆಯ ಹಿತ್ತಿಲಿನಲ್ಲಿ ಮೊಲಗಳನ್ನು ಗೂಡಿನಲ್ಲಿಡದೆ ಒಟ್ಟಿಗೆ ಬಿಟ್ಟು ಸಾಕಬಹುದೇ?

ಸಾಕಬಹುದು. ಸಾಕುಮೊಲದ ಪೂರ್ವಜ ಯುರೋಪಿನ ಕಾಡುಮೊಲ; ಬಿಲ ತೋಡಿ ಗುಂಪಾಗಿ ಬಾಳುವ ಪ್ರಾಣಿ. ನೆಗೆಯಲೂ ಜಾಗವಿಲ್ಲದ ತಂತಿಗೂಡಿಗಿಂತ ದೊಡ್ಡಿಯೇ ಅದಕ್ಕೆ ಹಿತ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದರೆ ಕರಾವಳಿಯಲ್ಲಿ ಮೊದಲು ಯೋಚಿಸಬೇಕಾದದ್ದು ನೆಲದ ಬಗ್ಗೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗೆ ಬರಿಯ ಮಣ್ಣಿನ ನೆಲ ಒಣಗುವುದೇ ಇಲ್ಲ. ಹಿಕ್ಕೆ ಬಿದ್ದ ಒದ್ದೆ ನೆಲದಲ್ಲಿ ಕಾಕ್ಸಿಡಿಯೋಸಿಸ್ ಎಂಬ ರೋಗ ಹರಡಿ, ಮರಿಗಳು ಭೇದಿಯಾಗಿ ಸಾಯುತ್ತವೆ. ಎಲ್ಲವೂ ಒಂದೇ ನೆಲದಲ್ಲಿರುವುದರಿಂದ ಒಂದಕ್ಕೆ ಬಂದದ್ದು ಉಳಿದವಕ್ಕೂ ಬೇಗ ತಗಲುತ್ತದೆ. ಹಾಗಾಗಿ ಮುರಕಲ್ಲು ಕಟ್ಟಿ ನೆಲ ಎತ್ತರಿಸಿ, ನೀರು ಹರಿದುಹೋಗುವಂತೆ ಇಳಿಜಾರಾಗಿ ಸಿಮೆಂಟ್ ಹಾಕಿಸಿ, ಮೇಲೆ ಒಣಹುಲ್ಲು ಹಾಸಿ. ಒದ್ದೆಯಾದ ಹುಲ್ಲನ್ನು ದಿನವೂ ತೆಗೆಯಲೇಬೇಕು. ಮೊಲಗಳು ಬಿಲ ತೋಡಿ ತಪ್ಪಿಸಿಕೊಳ್ಳುವ ಚಿಂತೆಯೂ ಸಿಮೆಂಟ್ ನೆಲದಿಂದ ತಪ್ಪುತ್ತದೆ. ಏಪ್ರಿಲ್, ಮೇ ತಿಂಗಳ ಸೆಕೆಗೆ ಹೆಂಚಿನ ಮಾಡು, ಗಾಳಿಯಾಡುವ ಜಾಲರಿ ಬೇಕು. ಜಾಲರಿಯ ಕಣ್ಣು ಸಣ್ಣದಿರಲಿ, ಹಾವುಗಳು ಬರುತ್ತವೆ.

ಗಂಡು ಒಂದೇ ಸಾಕು. ಪ್ರಾಯಕ್ಕೆ ಬಂದ ಎರಡು ಗಂಡುಗಳು ಗಾಯವಾಗುವಷ್ಟು ಕಚ್ಚಾಡುತ್ತವೆ. ಆ ಒಂದನ್ನೂ ಸದಾ ಹೆಣ್ಣುಗಳ ಜೊತೆ ಬಿಡಬೇಡಿ: ಗರ್ಭದ ಅವಧಿ ಸುಮಾರು 31 ದಿನ, ಮರಿ ಹಾಕಿದ ದಿನವೇ ಹೆಣ್ಣು ಮತ್ತೆ ಗಬ್ಬವಾಗಬಲ್ಲದು. ಪಾಪ, ಅದರ ಮೈ ಸವೆದುಹೋಗುತ್ತದೆ. ಹೆಣ್ಣುಗಳೂ ಜಗಳವಾಡುವುದುಂಟು, ಜೊತೆಯಲ್ಲೇ ಬೆಳೆದವಾದರೆ ಕಡಿಮೆ. ಒಂದೊಂದಕ್ಕೂ ಮರಿ ಹಾಕಲು ಬೇರೆ ಬೇರೆ ಪೆಟ್ಟಿಗೆಯಿಡಿ. ಗಂಡುಮರಿಗಳನ್ನು ಮೂರು ತಿಂಗಳು ತುಂಬುವುದರೊಳಗೆ ಬೇರ್ಪಡಿಸಿ.